ಹಲಗೆ ಕೋಣೆಯ ಬಾಗಿಲು

ಒಳಗೆ ಕೂತು ಎಂತ ಮಾಡುದು ಅಂತ ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಅಪ್ಪ ಕೇಳಿದರು, ಅಜ್ಜಿ ಕೇಳಿದರು, ಇಗರ್ಜಿಯ ಪಾದ್ರಿಗಳು ಕೇಳಿದರು, ಕಡೆಗೆ ಮೀನು ಮಾರುವ ಬ್ಯಾರಿ ಕಾಕ ಕೂಡ ಕೇಳಿದರು. ಎಲ್ಲರಿಗೂ ನಾನು ಕೊಟ್ಟದ್ದು ಒಂದೇ ಉತ್ತರ: ಎಂತದೂ ಮಾಡುದಿಲ್ಲ. ಅದು ಯಾರಿಗೂ ಸಾಕಾಗಲಿಲ್ಲ. ದೇವರ ಮುಂದೆ ಎಂತದೂ ಮಾಡದೆ ಸುಮ್ಮನೆ ಕೂರುವ ಹೆಣ್ಣನ್ನು ಕಂಡರೆ ಜನರಿಗೆ ಯಾಕೋ ಮೈಯೆಲ್ಲ ಉರಿಯುತ್ತದೆ. ಈಗ ನನಗೆ ವಯಸ್ಸಾಯಿತು, ಕೇಳುವ ಧೈರ್ಯ ಯಾರಿಗೂ ಉಳಿದಿಲ್ಲ. ಆದ್ದರಿಂದ ಕೇಳದಿದ್ದರೂ ಹೇಳಿಬಿಡುತ್ತೇನೆ.

ಐವತ್ತರ ದಶಕದ ಕೊನೆಯ ಮಾತು ಇದು. ನಮ್ಮ ಮನೆ ಕಡಬದ ಹತ್ತಿರ ಕೋಡಿಂಬಾಳದಲ್ಲಿ, ಮಾರ್ಗದ ಬದಿಗೇ ಇತ್ತು. ಅಪ್ಪ ಬಡಗಿ. ಮನೆಯೊಳಗೆ ನಾವು ಕೊಂಕಣಿ ಮಾತಾಡುವವರು, ಮಾರ್ಗಕ್ಕೆ ಇಳಿದರೆ ತುಳು, ಶಾಲೆಯಲ್ಲಿ ಕನ್ನಡ. ಇಲ್ಲಿ ಎಲ್ಲರ ಬಾಯಿಯಲ್ಲೂ ಕನ್ನಡವನ್ನೇ ಇಡುತ್ತಿದ್ದೇನೆ. ಅಜ್ಜಿ ಇದ್ದಿದ್ದರೆ ಅದಕ್ಕೂ ಬೈಯುತ್ತಿದ್ದರು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಹಿರಿ ಮಗಳು ನಾನು, ನನ್ನ ಕೆಳಗೆ ಐದು ಮಂದಿ. ಇಷ್ಟು ಜನಕ್ಕೆ ಮೂರು ಕೋಣೆ, ಆ ಮೂರಕ್ಕೂ ಬಾಗಿಲಿನ ಜಾಗದಲ್ಲಿ ಅಮ್ಮನ ಹಳೆ ಸೀರೆಯ ಪರದೆ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟ ಬಡಗಿಯ ಮನೆಯ ಅವಸ್ಥೆ ನೋಡಿ ಮಾರಾಯ್ರೆ! ಮರದ ಬಾಗಿಲು ಇದ್ದದ್ದು ಎರಡೇ ಕಡೆ. ಒಂದು ಮನೆಯ ಮುಂದೆ, ಇನ್ನೊಂದು ಮನೆಗೆ ತಾಗಿಕೊಂಡು ಮಾರ್ಗದ ಕಡೆಗೆ ಮುಖ ಮಾಡಿದ್ದ ಹಲಗೆ ಕೋಣೆಗೆ.

ಹಲಗೆ ಕೋಣೆಯೆಂದರೆ ಅಪ್ಪನ ಕೆಲಸದ ಕೋಣೆ. ಗೋಡೆಗೆ ಹಲಸಿನ ಹಲಗೆಗಳನ್ನು ಒಣಗಲು ಒರಗಿಸಿಟ್ಟಿರುತ್ತಿದ್ದರು. ನೆಲದಲ್ಲೆಲ್ಲ ಕೀಸಿದ ಮರದ ಸಿಪ್ಪೆ, ಮೇಲೆ ಅಂಗೈಯಗಲದ ಒಂದು ಕಿಂಡಿ. ಬಾಗಿಲು ಬೆಳಿಗ್ಗೆ ತೆರೆದರೆ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಹಗಲಿನಲ್ಲಿ ಅದನ್ನು ಹಾಕುತ್ತಿದ್ದದ್ದು ಒಂದೇ ಒಂದು ಕೆಲಸಕ್ಕೆ. ಸುತ್ತಿನ ಕಿರಿಸ್ತಾನರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಪೆಟ್ಟಿಗೆ ಮಾಡುವವರು ಅಪ್ಪ. ಪೆಟ್ಟಿಗೆ ಪೂರ್ತಿಯಾಗುವವರೆಗೆ ಅದನ್ನು ಯಾರೂ ನೋಡಬಾರದು, ಬಸುರಿಯರು ಮಕ್ಕಳು ಮೊದಲೇ ನೋಡಬಾರದು ಅನ್ನುವುದು ಅಜ್ಜಿಯ ಕಟ್ಟಳೆ. ಅದಕ್ಕೆ ಬಾಗಿಲು ಹಾಕಿ ಕೆಲಸ. ಕೊನೆಗೆ ಅಮ್ಮನನ್ನು ಕರೆಯುತ್ತಿದ್ದರು. ಅಮ್ಮ ಒಬ್ಬರೇ ಒಳಗೆ ಕೂತು ಪೆಟ್ಟಿಗೆಯ ಒಳಮೈಗೆ ಬಿಳಿ ಬಟ್ಟೆ, ಹೊರಮೈಗೆ ಕಪ್ಪು ಬಟ್ಟೆ ಎಳೆದು ಸಣ್ಣ ಮೊಳೆ ಹೊಡೆಯುತ್ತಿದ್ದರು.

ಹೀಗಾಗಿ ಮಾರ್ಗದಲ್ಲಿ ಹೋಗಿಬರುವವರಿಗೆಲ್ಲ ಗೊತ್ತಿತ್ತು: ಹಗಲಿನಲ್ಲಿ ಬಡಗಿಯ ಹಲಗೆ ಕೋಣೆಯ ಬಾಗಿಲು ಹಾಕಿದ್ದರೆ ಯಾರೋ ಹೋದರು. ನಿಂತು ಕಿಂಡಿಯ ಹತ್ತಿರ ಬಂದು "ಯಾರು?" ಅಂತ ಕೇಳುತ್ತಿದ್ದರು. ಒಳಗಿಂದ ಅಪ್ಪ ಹೆಸರು ಹೇಳುತ್ತಿದ್ದರು. ಸುದ್ದಿ ಮುಂದೆ ಹೋಗುತ್ತಿತ್ತು. ಅಂಚೆಯವನಿಗಿಂತ ನಮ್ಮ ಬಾಗಿಲೇ ಚುರುಕು.

ಇನ್ನು ನಮ್ಮ ಮನೆಯ ಪ್ರಾರ್ಥನೆಯ ವಿಷಯ. ಸಂಜೆ ದೀಪ ಹಚ್ಚಿದ ಕೂಡಲೇ ತೇರ್ಸ್, ಅಂದರೆ ಜಪಸರ. ಎಲ್ಲರೂ ಮೊಣಕಾಲೂರಬೇಕು. ಅಜ್ಜಿ ಮುಂದಾಳು. ನಾವು ಉತ್ತರ ಮುಗಿಸುವುದರೊಳಗೆ ಅವರು ಮುಂದಿನ ನಮೋ ಮರಿಯೆ ಹಿಡಿದಾಗಿರುತ್ತಿತ್ತು. ದೊಡ್ಡ ಸ್ವರದಲ್ಲಿ ಹೇಳಬೇಕು, ಕೆಳಗಿನ ಗೌಡರ ಮನೆಗೆ ಕೇಳಬೇಕು, ಇಲ್ಲದಿದ್ದರೆ ಅಜ್ಜಿಯ ಲೆಕ್ಕದಲ್ಲಿ ಅದು ದೇವರಿಗೂ ಕೇಳುವುದಿಲ್ಲ. ಮುಗಿದ ಮೇಲೆ ಚಿಕ್ಕವರು ಒಬ್ಬೊಬ್ಬರೇ ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಬೇಡಬೇಕು, ಅಂದರೆ ಆಶೀರ್ವಾದ. ಅಜ್ಜಿ ಕೈ ಎತ್ತಿ ತಲೆಯ ಮೇಲಿಡುತ್ತಿದ್ದರು. ಒರಟು ಕೈ, ಬೀಡಿ ಎಲೆಯ ವಾಸನೆ. ಆ ಕೈ ಮಾತ್ರ ನನಗೆ ಬಹಳ ಇಷ್ಟ. ಉಳಿದದ್ದೆಲ್ಲ ಗಲಾಟೆ.

ನನಗಾಗ ಹದಿನೆಂಟು. ಒಂದು ಮಧ್ಯಾಹ್ನ ಅಪ್ಪ ಕಡಬದಲ್ಲಿ ಒಂದು ಮನೆಯ ಕೆಲಸಕ್ಕೆ ಹೋಗಿದ್ದರು. ಒಲೆಗೆ ಮರದ ಸಿಪ್ಪೆ ಬೇಕು ಅಂತ ಅಮ್ಮ ನನ್ನನ್ನು ಹಲಗೆ ಕೋಣೆಗೆ ಕಳಿಸಿದರು. ಬುಟ್ಟಿ ತುಂಬಿಸುತ್ತಾ ಹಾಗೇ ನೆಲದಲ್ಲಿ ಕೂತುಬಿಟ್ಟೆ. ಯಾರೂ ಕರೆಯಲಿಲ್ಲ. ಯಾವತ್ತೂ ಹಾಗೆ ಆದದ್ದಿಲ್ಲ. ಪ್ರಾರ್ಥನೆ ಮಾಡುವ ಅಂತ ಬಾಯಿ ತೆರೆದೆ, ಮಾತು ಬೇಡ ಅನಿಸಿತು. ಪಕ್ಕದಲ್ಲೇ ಕೂತವರ ಹತ್ತಿರ ಯಾರಾದರೂ ಬೊಬ್ಬೆ ಹೊಡೆಯುತ್ತಾರಾ? ಅಷ್ಟು ಹತ್ತಿರ ಇದ್ದರು ದೇವರು. ಅದಕ್ಕಿಂತ ಹೆಚ್ಚು ವಿವರಿಸಲು ನನಗೆ ಬರುವುದಿಲ್ಲ, ಬರುವುದೂ ಬೇಡ. ನಾನು ಅತ್ತೆ. ದುಃಖಕ್ಕಲ್ಲ. ಇಷ್ಟು ವರ್ಷ ಇವರು ಇಲ್ಲೇ ಇದ್ದರಲ್ಲ, ನಾವು ಗಂಟಲು ಹರಿಯುವಂತೆ ಕಿರುಚಿ ಓಡಿಸಿದೆವಲ್ಲ ಅಂತ.

ಮರುದಿನವೂ ಹೋದೆ. ತಮ್ಮಂದಿರು ಹಿಂದೆಯೇ ಬಂದರು, ಕೋಳಿ ಬಂತು, ಅಜ್ಜಿ ಅಲ್ಲಿಂದಲೇ ನಾಲ್ಕು ಸಲ ಕೂಗಿದರು. ಮೂರನೆಯ ದಿನ ನಾನು ಬಾಗಿಲು ಹಾಕಿಕೊಂಡೆ. ಹಾಕಿದರೆ ಸಾಲದು, ಒಳಗಿಂದ ಚಿಲಕವೇ ಇರಲಿಲ್ಲ. ಬಡಗಿಯ ಮಗಳಿಗೆ ಚಿಲಕ ಹೊಡೆಯಲು ಹೇಳಿಕೊಡಬೇಕಾ? ಅಪ್ಪನ ಡಬ್ಬಿಯಿಂದ ಒಂದು ಹಳೆ ಚಿಲಕ ತೆಗೆದು, ಟಣಟಣ ಅಂತ ನಾಲ್ಕು ಮೊಳೆ ಹೊಡೆದು, ಹಾಕಿ ಕೂತೆ.

ಎಡವಟ್ಟಾದದ್ದು ಅಲ್ಲೇ. ಬಾಗಿಲು ಹಾಕಿದೆ, ಒಳಗಿಂದ ಮೊಳೆ ಹೊಡೆಯುವ ಸದ್ದು ಬೇರೆ. ಅದೇ ಹೊತ್ತಿಗೆ ಒಣಮೀನಿನ ಕಾವಡಿ ಹೊತ್ತುಕೊಂಡು ಬ್ಯಾರಿ ಕಾಕ ಬಂದರು. ಅವರು ಹದಿನೈದು ವರ್ಷದಿಂದ ನಮಗೆ ಮೀನು ಕೊಡುವವರು, ಮನೆಯವರ ಹಾಗೆ. ಕಿಂಡಿಯ ಹತ್ತಿರ ಬಂದು "ಯಾರು?" ಅಂತ ಕೇಳಿದರಂತೆ. ನನಗೆ ಕೇಳಿಸಲೇ ಇಲ್ಲ. ಉತ್ತರ ಬಾರದ್ದಕ್ಕೆ, ಪಾಪ, ಬಡಗಿಗೆ ಹೇಳಲೂ ಪುರುಸೊತ್ತಿಲ್ಲ ಅಂದುಕೊಂಡು ಕಾಕ ತಾವೇ ಲೆಕ್ಕ ಹಾಕಿದರು. ಗುಡ್ಡೆಯ ಆಚೆ ತಿರುವಾಂಕೂರು ಕಡೆಯಿಂದ ಬಂದು ಮರಗೆಣಸು ಹಾಕಿಕೊಂಡಿದ್ದ ಮಲೆಯಾಳಿ ಕಿರಿಸ್ತಾನ ಮುದುಕರೊಬ್ಬರಿದ್ದರು, ತಿಂಗಳಿನಿಂದ ಜ್ವರ. ಅವರೇ ಹೋದದ್ದು ಅಂತ ನಿಶ್ಚಯವಾಯಿತು. ಕಾಕ ಹೋದ ಮನೆಮನೆಗೂ ಮೀನಿನ ಜೊತೆ ಸುದ್ದಿಯನ್ನೂ ಕೊಟ್ಟರು.

ಸಂಜೆಯೊಳಗೆ ಮುದುಕರ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ. ಹೆಂಗಸರು ದೂರದಿಂದಲೇ ಅಳುತ್ತಾ ಬಂದರಂತೆ. ಮುದುಕರು ಜಗಲಿಯಲ್ಲಿ ಕೂತು ಗಂಜಿ ಕುಡಿಯುತ್ತಾ ಇದ್ದರು! ವಿಷಯ ತಿಳಿದು ಅವರಿಗೆ ಜ್ವರ ಬಿಟ್ಟೇ ಹೋಯಿತು. ಮರುದಿನ ಬೆಳಿಗ್ಗೆ ಕೋಲೂರಿಕೊಂಡು ನಮ್ಮಲ್ಲಿಗೇ ಬಂದರು. "ಎಲ್ಲಿ ಉಂಟು ನನ್ನ ಪೆಟ್ಟಿಗೆ? ಉದ್ದ ಸಾಕಾ ಅಂತ ಒಮ್ಮೆ ಮಲಗಿ ನೋಡ್ತೇನೆ" ಅಂದರು. ನನಗೆ ನಗು ತಡೆಯಲಾಗದೆ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡೆ.

ಅಪ್ಪ ನಗಲಿಲ್ಲ. ಹಿಂದಿನ ಸಂಜೆ ಅವರು ಮನೆಗೆ ಬರುವಾಗ ದಾರಿಯಲ್ಲಿ ನಾಲ್ಕು ಕಡೆ ಜನ ನಿಲ್ಲಿಸಿ ಪೆಟ್ಟಿಗೆ ಯಾರದ್ದು ಅಂತ ಕೇಳಿದ್ದರು. ಅವರಿಗೆ ತಲೆಬುಡ ತಿಳಿದಿರಲಿಲ್ಲ. ಮುದುಕರು ಆಚೆ ಹೋದ ಮೇಲೆ ನನ್ನನ್ನು ಕರೆದರು.

"ಇಪ್ಪತ್ತು ವರ್ಷದಿಂದ ಈ ಬಾಗಿಲು ಒಂದು ಸುಳ್ಳು ಹೇಳ್ಲಿಲ್ಲ. ನೀನು ನಿನ್ನೆ ಹೇಳಿಸಿದಿ. ಒಳಗೆ ಎಂತ ಮಾಡ್ತಿದ್ದಿ?"

"ಪ್ರಾರ್ಥನೆ."

"ಸಂಜೆ ತೇರ್ಸ್ ಇಲ್ವಾ?"

"ಅದು ಅಜ್ಜಿಯದ್ದು. ಇದು ನನ್ನದು."

ಅಜ್ಜಿ ಎದೆಗೆ ಕೈ ಹಚ್ಚಿಕೊಂಡರು. ಅಮ್ಮ ಒಲೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು. ಇನ್ನು ಬಾಗಿಲು ಹಾಕುವಂತಿಲ್ಲ ಅಂತ ಅಪ್ಪ ಹೇಳಿದರು. ನಾನು ಮರುದಿನ ಹಾಕಿದೆ. ಅದರ ಮರುದಿನವೂ ಹಾಕಿದೆ. ಮತ್ತೆ ಎರಡು ಸಲ ಮಾರ್ಗದವರು ಯಾರು ಯಾರು ಅಂತ ಕೇಳಿದರು. ನಾಲ್ಕನೆಯ ದಿನ ಅಪ್ಪ ಬಿಜಾಗ್ರಿಯ ತಿರುಪು ಬಿಚ್ಚಿ, ಬಾಗಿಲನ್ನೇ ಕಿತ್ತು, ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಅಟ್ಟಕ್ಕೆ ಹಾಕಿದರು. ಹಲ್ಲು ಕಿತ್ತ ಬಾಯಿಯ ಹಾಗೆ ಕೋಣೆ ತೆರೆದುಕೊಂಡು ನಿಂತಿತು.

ಆಮೇಲೆ ನನ್ನನ್ನು ಪಾದ್ರಿಗಳ ಹತ್ತಿರ ಕಳಿಸಿದರು. ಅವರು ಕೆಟ್ಟವರಲ್ಲ, ಆದರೆ ಅವಸರದವರು. ಪಾಪನಿವೇದನೆಯ ಜಾಲರಿಯ ಹಿಂದಿನಿಂದ ಕೇಳಿದರು, "ಒಳಗೆ ಕೂತು ಯಾವ ಪ್ರಾರ್ಥನೆ ಹೇಳ್ತಿ?"

"ಯಾವುದೂ ಹೇಳುದಿಲ್ಲ ಫಾದರ್."

"ಎಂತದೂ ಹೇಳದಿದ್ದರೆ ಅದು ಪ್ರಾರ್ಥನೆ ಅಲ್ಲ, ಸೋಮಾರಿತನ."

"ಹಾಗಾದರೆ ನಮ್ಮ ಸ್ವಾಮಿ ಯೇಸು ಗುಡ್ಡೆಗೆ ಒಬ್ಬರೇ ಹೋಗ್ತಿದ್ದದ್ದು ಎಂತಕ್ಕೆ ಫಾದರ್?"

ಅವರು, ಅಷ್ಟು ಮೌನ ಬೇಕಾದರೆ ಮಠಕ್ಕೆ ಸೇರಿಕೊ, ಮನೆಯಲ್ಲಿ ಇರುವ ಹೆಣ್ಣುಮಕ್ಕಳಿಗೆ ಅದು ಹೇಳಿದ್ದಲ್ಲ ಅಂದರು. ಎದುರು ಮಾತಾಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಮೂರು ಜಪಸರ, ಗಟ್ಟಿಯಾಗಿ ಹೇಳಬೇಕು ಅಂತ.

ಸರಿ, ಮಠವನ್ನೂ ನೋಡಿಬಿಡುವ ಅಂತ ಬಸ್ಸು ಹತ್ತಿ ಪುತ್ತೂರಿಗೆ ಹೋದೆ. ಅಲ್ಲಿನ ಒಂದು ಮಠದಲ್ಲಿ ಹತ್ತು ದಿನ ಇದ್ದೆ. ಮಾದ್ರಿಗಳು, ಅಂದರೆ ಅಲ್ಲಿನ ಕನ್ಯಾಸ್ತ್ರೀಯರು, ಬಹಳ ಒಳ್ಳೆಯವರು. ಅವರಿಂದ ನನಗೆ ಒಂದು ಕೆಟ್ಟ ಮಾತು ಬಂದದ್ದಿಲ್ಲ. ಆದರೆ ಏಳಲು ಗಂಟೆ, ಉಣ್ಣಲು ಗಂಟೆ, ಮೌನಕ್ಕೂ ಗಂಟೆ! ಒಂದು ಕೋಣೆಯಲ್ಲಿ ಆರು ಹುಡುಗಿಯರು. ಅಡುಗೆಮನೆಯಲ್ಲಿ ಒಬ್ಬ ವಯಸ್ಸಾದ ಮಾದ್ರಿ ಇದ್ದರು. ನಾನು ತೆಂಗಿನಕಾಯಿ ತುರಿಯುತ್ತಾ ಅವರಿಗೆ ಎಲ್ಲ ಹೇಳಿದೆ. ಅವರು ಕೇಳಿ, "ನಿನಗೆ ಮಠ ಬೇಡ ಮಗಾ, ಬಾಗಿಲು ಬೇಕು. ಮನೆಗೆ ಹೋಗಿ ಕೇಳು" ಅಂದರು. ನಾನು ಮನೆಗೆ ಬಂದೆ.

ಮಠಕ್ಕೆ ಹೋಗಿ ಬಂದವಳು ಅಂದ ಮೇಲೆ ಮದುವೆ ಮಾಡಿ ಕಳಿಸಿಬಿಡುವ ಅಂತ ಅಜ್ಜಿ ಹಟ ಹಿಡಿದರು. ಎರಡು ಕಡೆಯವರು ನೋಡಿ ಹೋದರು. ಇಬ್ಬರ ಎದುರಿಗೂ ನಾನು ಕೇಳಿದೆ, ನಿಮ್ಮ ಮನೆಯಲ್ಲಿ ನನಗೆ ದಿನಕ್ಕೆ ಒಂದು ಗಂಟೆ ಬಾಗಿಲು ಹಾಕಿಕೊಳ್ಳಲು ಜಾಗ ಉಂಟಾ ಅಂತ. ತಲೆ ಸರಿಯಿಲ್ಲ ಅನ್ನುವ ಹೆಸರು ಬಂತು. ಬರಲಿ ಬಿಡಿ ಅಂದೆ.

ಆಮೇಲಿನ ಎರಡು ವರ್ಷ ನಮ್ಮ ಮನೆಯಲ್ಲಿ ನಡೆದದ್ದು ಯುದ್ಧ. ಮಧ್ಯಾಹ್ನದ ಪಾತ್ರೆ ತೊಳೆದಾದ ಕೂಡಲೇ ನಾನು ಬಾಗಿಲಿಲ್ಲದ ಕೋಣೆಗೆ ಹೋಗಿ ಗೋಡೆಗೆ ಮುಖ ಹಾಕಿ ಕೂರುತ್ತಿದ್ದೆ. ಅಜ್ಜಿ ಬಂದು ಹೊಸ್ತಿಲಲ್ಲೇ ಮಣೆ ಹಾಕಿ ಕೂತು, ಬೇಕೆಂದೇ ದೊಡ್ಡ ಸ್ವರದಲ್ಲಿ ಜಪಸರ ಶುರು ಮಾಡುತ್ತಿದ್ದರು. ನಾನು ಏಳುತ್ತಿರಲಿಲ್ಲ, ಅವರು ನಿಲ್ಲಿಸುತ್ತಿರಲಿಲ್ಲ. ಮಾರ್ಗದಲ್ಲಿ ಹೋಗುವವರು ಇಣುಕಿ ನೋಡಿ ನಗುತ್ತಿದ್ದರು. ಹೊರಗಿನ ಗದ್ದಲವನ್ನು ನಾನು ತಡೆದುಕೊಂಡೆ. ತಡೆಯಲಾಗದ್ದು ಬೇರೆ. ಅಜ್ಜಿ ಸಂಜೆ ನನಗೆ ಬೆಸಾಂವ್ ಕೊಡುವುದನ್ನು ನಿಲ್ಲಿಸಿದರು. ಎಲ್ಲರಾದ ಮೇಲೆ ನಾನು ಕೈಮುಗಿದು ಮುಂದೆ ನಿಂತರೆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದರು. ದಿನಾ ನಿಂತೆ. ಒಂದು ದಿನವೂ ಕೊಡಲಿಲ್ಲ. ಇಬ್ಬರದೂ ಒಂದೇ ಹಟ, ಅವರ ರಕ್ತವೇ ಅಲ್ಲವಾ ನನ್ನ ಮೈಯಲ್ಲಿ ಹರಿಯುವುದು.

ಅಜ್ಜಿ ಹೋದದ್ದು ಒಂದು ಬೆಳಿಗ್ಗೆ, ಕಾಫಿಯ ಲೋಟ ಕೈಯಲ್ಲಿ ಹಿಡಿದುಕೊಂಡೇ.

ಪೆಟ್ಟಿಗೆ ಆಗಬೇಕು. ಅಪ್ಪ ಹಲಗೆ ಕೋಣೆಯ ಮುಂದೆ ಬಂದು ಬಾಗಿಲಿಲ್ಲದ ಜಾಗವನ್ನು ನೋಡುತ್ತಾ ನಿಂತರು. ತೆರೆದ ಕೋಣೆಯಲ್ಲಿ ಅಜ್ಜಿಯ ಪೆಟ್ಟಿಗೆ ಮಾಡುವುದುಂಟಾ, ಕಟ್ಟಳೆ ಮಾಡಿದವರೇ ಅವರು. ಅಪ್ಪ ಅಟ್ಟ ಹತ್ತಿ ಬಾಗಿಲು ಇಳಿಸಿದರು. "ಹಿಡಿ" ಅಂದರು. ನಾನು ಹಿಡಿದೆ, ಅವರು ತಿರುಪು ಹಾಕಿದರು. ನಾನು ಹೊಡೆದಿದ್ದ ಚಿಲಕ ಅದರಲ್ಲಿ ಹಾಗೇ ಇತ್ತು. ಒಳಗೆ ಬಂದು ಅಪ್ಪ ಅದನ್ನೇ ಹಾಕಿದರು.

ತಮ್ಮಂದಿರು ಇನ್ನೂ ಸಣ್ಣವರು, ಹಲಗೆ ಹಿಡಿಯಲು ನಾನೇ ಆಗಬೇಕಿತ್ತು. ಅಪ್ಪ ಅಳತೆ ಹಾಕಿದರು, ಗರಗಸ ಎಳೆದರು. ಎರಡು ಹಲಗೆ ಆದ ಮೇಲೆ ಕೈ ನಿಂತಿತು. ಗರಗಸ ಬದಿಗಿಟ್ಟು ಸಿಪ್ಪೆಯ ಮೇಲೆ ಕೂತುಬಿಟ್ಟರು. ಹೊರಗೆ ಮನೆ ತುಂಬ ಜನ, ಅಳು, ಗಟ್ಟಿಯಾಗಿ ಜಪಸರ. ಒಳಗೆ ನಾವಿಬ್ಬರೇ. ಅಪ್ಪ ಜಪ ಹೇಳಲಿಲ್ಲ, ಅಳಲೂ ಇಲ್ಲ. ಬಹಳ ಹೊತ್ತು ಹಾಗೇ ಕೂತಿದ್ದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

"ನೀನು ಕೂರುದು ಹೀಗೆಯಾ?"

"ಹೌದು ಅಪ್ಪ."

"ಹ್ಞೂಂ" ಅಂದರು. ಎದ್ದು ಗರಗಸ ತೆಗೆದುಕೊಂಡರು.

ಮರದ ಕೆಲಸ ಮುಗಿಸಿ ಅಪ್ಪ ಹೊರಗೆ ಹೋದರು, ಅಮ್ಮ ಬಟ್ಟೆ ಹಿಡಿದುಕೊಂಡು ಬಂದರು. ಮತ್ತೆ ಚಿಲಕ ಹಾಕಿದ್ದಾಯಿತು. ಅಮ್ಮನ ಬಾಯಿಯಲ್ಲಿ ಸಣ್ಣ ಮೊಳೆಗಳು, ನಾನು ಬಟ್ಟೆ ಎಳೆದು ಹಿಡಿದಿದ್ದೆ. ಒಂದು ಬದಿ ಮುಗಿದ ಮೇಲೆ ಅಮ್ಮ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಸುತ್ತ ನೋಡಿದರು.

"ಇದರೊಳಗೆ ಬಾರದೆ ಎರಡು ವರ್ಷ ಆಯ್ತು" ಅಂದರು. ಬಾಗಿಲು ತೆಗೆದ ಮೇಲೆ ಅಪ್ಪ ಪೆಟ್ಟಿಗೆಗಳನ್ನು ಸತ್ತವರ ಮನೆಗೇ ಹೋಗಿ ಮಾಡುತ್ತಿದ್ದರು, ಬಟ್ಟೆ ಅಲ್ಲಿಯ ಹೆಂಗಸರೇ ಹೊಡೆಯುತ್ತಿದ್ದರು. ಅದು ನನಗೆ ಆಗ ನೆನಪಾಯಿತು.

"ಬಟ್ಟೆ ಹೊಡೆಯುದು ಅಂದ್ರೆ ನಿನಗೆ ಇಷ್ಟವಾ ಅಮ್ಮ?"

"ಬಟ್ಟೆ ಅಲ್ಲ ಮಗಾ. ಈ ಬಾಗಿಲು ಹಾಕಿದ್ರೆ ಯಾರೂ ನನ್ನನ್ನು ಕರೀತಿರ್ಲಿಲ್ಲ. ಈ ಮನೆಗೆ ಬಂದ ಮೇಲೆ ಯಾರಾದ್ರೂ ಸತ್ರೆ ಮಾತ್ರ ನನಗೆ ಒಂದು ಗಂಟೆ ಸಿಗ್ತಿತ್ತು." ಅಂಗೈಯ ಮೊಳೆಗಳನ್ನು ನೋಡುತ್ತಾ ಹೇಳಿದರು, "ಕೆಲವು ಸಲ, ಯಾರಾದ್ರೂ ಹೋಗ್ಬಾರ್ದಾ ಅಂತ ಕಾದದ್ದೂ ಉಂಟು. ಇದನ್ನು ಫಾದರಿನ ಹತ್ರವೂ ಹೇಳ್ಲಿಲ್ಲ ನಾನು."

ಎರಡು ವರ್ಷ ಒಂದು ಬಾಗಿಲಿಗಾಗಿ ಇಡೀ ಊರನ್ನು ಎದುರು ಹಾಕಿಕೊಂಡಿದ್ದೆ, ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತವರ ನೆನಪು ನನಗೆ ಒಮ್ಮೆಯೂ ಬಂದಿರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆಮೇಲೆ ಸಿಟ್ಟು ಬಂತು. ಒಬ್ಬ ಹೆಂಗಸಿಗೆ ಒಂದು ಗಂಟೆ ಸಿಗಬೇಕಾದರೆ ಇನ್ನೊಬ್ಬರು ಸಾಯಬೇಕಾ?

ಅಜ್ಜಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಕೈಗಳನ್ನು ಜಪಸರದಿಂದ ಸುತ್ತಿದ್ದರು. ಮುಚ್ಚುವ ಮೊದಲು ಎಲ್ಲರೂ ಒಬ್ಬೊಬ್ಬರೇ ಮುತ್ತು ಕೊಟ್ಟರು. ನನ್ನ ಸರದಿ ಬಂದಾಗ ನಾನು ಬಗ್ಗಿ ನನ್ನ ತಲೆಯನ್ನು ಆ ಕೈಗೆ ಒತ್ತಿ ಹಿಡಿದೆ. ನೀವು ಕೊಡದಿದ್ದರೆ ನಾನು ತೆಗೆದುಕೊಳ್ಳುತ್ತೇನೆ ಅಂದೆ, ಮನಸ್ಸಿನಲ್ಲೇ. ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದರು. ಸಾಕಾದ ಮೇಲೆಯೇ ಎದ್ದೆ.

ಮಣ್ಣಾದ ಮರುದಿನ ಅಪ್ಪ ತಿರುಪುಳಿ ಹಿಡಿದು ಹಲಗೆ ಕೋಣೆಯ ಕಡೆ ಹೋದರು. ನಾನು ಓಡಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಇದನ್ನು ಇನ್ನು ಕೀಳುದು ಬೇಡ ಅಪ್ಪ. ನನಗೆ ಅಂತ ಅಲ್ಲ" ಅಂದೆ. ಅಪ್ಪ ನನ್ನನ್ನು ನೋಡಿದರು. ಆಮೇಲೆ ಅಂಗಳದಲ್ಲಿ ನಿಂತಿದ್ದ ಅಮ್ಮನನ್ನು ನೋಡಿದರು. ಯಾವಾಗಲೂ ತಲೆ ತಗ್ಗಿಸುವ ಅಮ್ಮ ಆ ದಿನ ತಗ್ಗಿಸಲಿಲ್ಲ.

"ಕೀಳ್ಲಿಕ್ಕೆ ಬಂದದ್ದು ಅಂತ ಯಾರು ಹೇಳಿದ್ದು? ಚಿಲಕ ಓರೆ ಹೊಡೆದಿದ್ದಿ, ಬಡಗಿಯ ಮನೆಯಲ್ಲಿ ನಾಚಿಕೆ" ಅಂದರು ಅಪ್ಪ. ಅದನ್ನು ಕಿತ್ತು ನೆಟ್ಟಗೆ ಹೊಡೆದರು. ಮತ್ತೆ ಬಾಗಿಲಿನ ಹೊರಮೈಗೆ ಒಂದು ಮೊಳೆ ಹೊಡೆದು, ಕಪ್ಪು ಬಟ್ಟೆಯ ಚೂರೊಂದನ್ನು ಒಳಗಿಟ್ಟರು. ಪೆಟ್ಟಿಗೆ ಮಾಡುವಾಗ ಬಟ್ಟೆ ಹೊರಗೆ ನೇತಾಡುತ್ತದೆ, ಬಟ್ಟೆ ಇಲ್ಲದಿದ್ದರೆ ಒಳಗೆ ಮಗಳು ಕೂತಿದ್ದಾಳೆ, ಯಾರೂ ಸತ್ತಿಲ್ಲ ಅಂತ ಮಾರ್ಗದವರಿಗೆಲ್ಲ ಹೇಳಿದರು. ತಮ್ಮ ಬಾಗಿಲು ಸುಳ್ಳು ಹೇಳದ ಹಾಗೆ ಅವರು ಮಾಡಿದ ಉಪಾಯ ಅದು.

ನಾನು ಮದುವೆಯಾಗಲಿಲ್ಲ, ಮಠಕ್ಕೂ ಹೋಗಲಿಲ್ಲ, ಹೊಲಿಗೆ ಮಾಡಿ ಬದುಕಿದೆ. ಅದಕ್ಕೆ ನನಗೆ ಇವತ್ತಿಗೂ ಒಂದು ಚೂರು ಪಶ್ಚಾತ್ತಾಪವಿಲ್ಲ. ಆದರೆ ಹೇಳಬೇಕಾದದ್ದು ಅದಲ್ಲ.

ಅಜ್ಜಿ ಹೋಗಿ ಒಂದು ತಿಂಗಳಾಗಿತ್ತು. ಮಧ್ಯಾಹ್ನ ನಾನು ಅಂಗಳದಲ್ಲಿ ಕೂತು ಪಾತ್ರೆ ತೊಳೆಯುತ್ತಿದ್ದೆ. ಬ್ಯಾರಿ ಕಾಕ ಬಂದು ಕಾವಡಿ ಇಳಿಸಿದರು. ಹಲಗೆ ಕೋಣೆಯ ಬಾಗಿಲು ಹಾಕಿತ್ತು. ಕಾಕ ಮೊಳೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಾಗಿಲನ್ನು ನೋಡಿದರು.

"ಬಟ್ಟೆ ಇಲ್ಲ. ನೀನು ಇಲ್ಲಿದ್ದಿ. ಹಾಗಾದ್ರೆ ಒಳಗೆ ಯಾರು ಮಗಳೇ?"

"ಅಮ್ಮ."

"ಅಮ್ಮನಾ? ಯಾರಾದ್ರೂ ಹೋದ್ರಾ?"

"ಯಾರೂ ಹೋಗ್ಲಿಲ್ಲ ಕಾಕ."

"ಮತ್ತೆ ಎಂತ ಮಾಡ್ತಾರೆ ಒಳಗೆ?"

"ಎಂತದೂ ಮಾಡುದಿಲ್ಲ" ಅಂದೆ. "ಸ್ವಲ್ಪ ಮೆಲ್ಲ ಮಾತಾಡಿ."